ಕತ್ತಿಯ ಹಿಡಿಗೆ ಯಾವ ಪಿನ್ನು? ತೋಟದ್ದಕ್ಕೆ, ಅಡುಗೆಮನೆಯದ್ದಕ್ಕೆ, ಚಂದಕ್ಕೆ

ಅಲಗು ಬಡಿದಾಗಿದೆ, ಹದ ಕೊಟ್ಟಾಗಿದೆ, ಹಿಡಿಗೆ ಹಲಸಿನದ್ದೋ ಬೀಟೆಯದ್ದೋ ಎರಡು ಪಟ್ಟಿ ಕೊಯ್ದಿಟ್ಟಾಗಿದೆ. ಉಳಿದದ್ದು ಪಿನ್ನು, ಪಟ್ಟಿಗಳನ್ನೂ ಅವುಗಳ ನಡುವಿನ ಅಲಗಿನ ಬಾಲವನ್ನೂ ಅಡ್ಡಕ್ಕೆ ತೂರಿ ನಿಲ್ಲುವ ಲೋಹದ ಕಡ್ಡಿ. ಬಾಲ ಎಂದರೆ ಅಲಗಿನಲ್ಲಿ ಹಿಡಿಯೊಳಗೆ ಹೋಗುವ ಭಾಗ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಲಗನ್ನು ಆಚಾರಿಯ ಕುಲುಮೆಯಲ್ಲಿ ಮಾಡಿಸಿ ಹಿಡಿಯನ್ನು ಮನೆಯಲ್ಲೇ ಕೂರಿಸಿಕೊಳ್ಳುವ ಆಸಕ್ತರು ನನ್ನಲ್ಲಿ ಹೆಚ್ಚಾಗಿ ಕೇಳುವುದು ಇದನ್ನೇ. ಕೇಳುವಾಗಲೇ ಫೋನಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ: ಕಪ್ಪು ಹಿಡಿಯ ನಡುವೆ ಹೊಳೆಯುವ ಒಂದು ಪುಟ್ಟ ವೃತ್ತ, ಅದರೊಳಗೆ ಹೂವಿನ ಹಾಗೆ ಜೋಡಿಸಿದ ಚುಕ್ಕಿಗಳು. ಮೊಸಾಯಿಕ್ ಪಿನ್ನು. ಅದೇ ಬೇಕು ಎಂದು ಮನಸ್ಸು ಮಾಡಿಯೇ ಬಂದಿರುತ್ತಾರೆ.

ಬೇಡ ಎನ್ನುವುದಿಲ್ಲ ನಾನು. ಆದರೆ ಕತ್ತಿ ಎಲ್ಲಿ ದುಡಿಯುತ್ತದೆ ಎಂದು ಮೊದಲು ಕೇಳುತ್ತೇನೆ. ಆಟಿಯ ಮಳೆಯಲ್ಲಿ ಅಡಿಕೆ ತೋಟದಲ್ಲಿ ನೆನೆಯುವ ಕತ್ತಿಗೂ, ದಿನಾ ಮೀನು ಕೊಯ್ಯುವ ಕತ್ತಿಗೂ, ಹಬ್ಬಕ್ಕೊಮ್ಮೆ ಹೊರಬರುವ ಕತ್ತಿಗೂ ಒಂದೇ ಪಿನ್ನು ಹೊಂದುವುದಿಲ್ಲ. ಇನ್ನೊಂದು ಮಾತು, ಒಂದು ಹಿಡಿಗೆ ಮೂರು ಪಿನ್ನು ಹಾಕುವುದಾದರೆ ಮೂರೂ ಚಂದಕ್ಕಾಗಿಯೇ ಇರಬೇಕೆಂದಿಲ್ಲ. ಎರಡು ತುದಿಯವು ದುಡಿಯಲಿ, ನಡುವಿನದ್ದು ನೋಡಲಿಕ್ಕಿರಲಿ. ಈ ಲೆಕ್ಕ ಒಮ್ಮೆ ಮನಸ್ಸಿಗೆ ಬಂದರೆ ಅಂಗಡಿಯಲ್ಲಿ ಆಯ್ಕೆ ಮಾಡುವುದು ಬಹಳ ಸುಲಭ.

ಪಿನ್ನು ನಿಜವಾಗಿ ಏನು ಮಾಡುತ್ತದೆ

ಹಿಡಿಯಷ್ಟೇ ಅಗಲದ ಬಾಲ ಇರುವ ಕತ್ತಿಯಲ್ಲಿ ಎರಡು ಪಟ್ಟಿಗಳನ್ನು ಅಲಗಿನ ಬಾಲಕ್ಕೆ ಅಂಟಿಸಿ ಹಿಡಿಯುವುದು ಮುಖ್ಯವಾಗಿ ಎಪಾಕ್ಸಿ ಅಂಟು. ನೇರವಾಗಿ ಎಳೆದರೆ ಈ ಅಂಟು ಜಗ್ಗುವುದಿಲ್ಲ. ಅದು ಸೋಲುವುದು ಎರಡು ಕಡೆ: ತುದಿಯಿಂದ ಸಿಪ್ಪೆ ಏಳುವ ಹಾಗೆ ಪಟ್ಟಿ ಎದ್ದರೆ, ಮತ್ತು ಪೆಟ್ಟು ಬಿದ್ದರೆ. ತೆಂಗಿನಕಾಯಿಗೆ ಕತ್ತಿಯಿಂದ ಒಂದೇಟು ಹಾಕಿದಾಗ ಆ ಅದುರು ನೇರ ಹಿಡಿಯೊಳಗೆ ಬರುತ್ತದೆ. ಆಗ ಪಟ್ಟಿಗಳು ಬಾಲದ ಮೇಲೆ ಜಾರದಂತೆ ಅಡ್ಡ ನಿಲ್ಲುವುದು ಪಿನ್ನು. ಪಿನ್ನಿನ ತುದಿಯನ್ನು ಬಡಿದು ಅಗಲ ಮಾಡಿದ್ದರೆ ಪಟ್ಟಿ ಮೇಲೇಳುವುದನ್ನೂ ಅದೇ ತಡೆಯುತ್ತದೆ.

ನಮ್ಮ ಕಡೆಯ ಹವೆಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಂಜೇಶ್ವರದಿಂದ ನೀಲೇಶ್ವರದವರೆಗೂ ಕಡಲ ಉಪ್ಪುಗಾಳಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಮಾರ್ಚ್–ಏಪ್ರಿಲಿನಲ್ಲಿ ಕುಗ್ಗುತ್ತದೆ, ಲೋಹ ಇದ್ದಲ್ಲೇ ಇರುತ್ತದೆ. ಡಿಸೆಂಬರಿನಲ್ಲಿ ನುಣ್ಣಗೆ ಮಾಡಿದ ಹಿಡಿಯ ಮೇಲೆ ಬೆರಳಾಡಿಸಿದರೆ ಬೇಸಿಗೆಯಲ್ಲಿ ಪಿನ್ನಿನ ಅಂಚು ತಾಗುವುದು ಇದರಿಂದಲೇ. ಮರ ಚೆನ್ನಾಗಿ ಒಣಗಿದ್ದಷ್ಟೂ ಈ ತೊಂದರೆ ಕಡಿಮೆ. ಅಡುಗೆಮನೆಯ ಅಟ್ಟದಲ್ಲಿ ಹೊಗೆ ತಿಂದು ಕೂತ ಹಳೆಯ ಹಲಸಿನ ತುಂಡು ಇದ್ದರೆ ಪೇಟೆಯಿಂದ ತಂದ ಮರಕ್ಕಿಂತ ಅದನ್ನೇ ನಾನು ನೆಚ್ಚುತ್ತೇನೆ.

ಹಿತ್ತಾಳೆ

ಮೊದಲ ಕತ್ತಿಗೆ ಹಿತ್ತಾಳೆಯೇ ಸರಿ. ಕೊಯ್ಯಲು ಸುಲಭ, ಅರ ಹಾಕಿದರೆ ಮರದ ಜೊತೆಗೇ ಸವೆಯುತ್ತದೆ, ಬಡಿದರೆ ಹರಡುತ್ತದೆ, ಬೀಟೆಯ ಕಂದು ಬಣ್ಣದ ಮೇಲೆ ಅದರ ಹಳದಿ ಬೇರೆ ಯಾವ ಲೋಹಕ್ಕೂ ಬಾರದ ಕಳೆ ಕೊಡುತ್ತದೆ. ಕತ್ತಿಗೆಂದೇ ಮಾರುವ ಪಿನ್ನು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಗ್ಯಾಸ್ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಬೆಸುಗೆಗೆ ಬಳಸುವ ಹಿತ್ತಾಳೆ ಕಡ್ಡಿ ಸಿಗುತ್ತದೆ, 1.6, 2.4, 3.2 ಮಿಲಿಮೀಟರ್ ದಪ್ಪದಲ್ಲಿ. ಮೇಲೆ ಬಿಳಿಯದೋ ನೀಲಿಯದೋ ಪುಡಿಯ ಲೇಪ ಇರುವ ಕಡ್ಡಿ ಬೇಡ, ಬರೀ ಕಡ್ಡಿಯನ್ನೇ ಕೇಳಿ ತೆಗೆದುಕೊಳ್ಳಿ.

ಬಡಿಯುವ ಯೋಚನೆ ಇದ್ದರೆ ಒಂದು ವಿಷಯ ಗೊತ್ತಿರಬೇಕು. ಲೇತ್ ಕೆಲಸಕ್ಕೆ ಬರುವ ಹಿತ್ತಾಳೆ ರಾಡಿನಲ್ಲಿ ಸುಮಾರು 3 ಶೇಕಡಾ ಸೀಸ ಬೆರೆಸಿರುತ್ತಾರೆ, ಚೂರು ಪುಡಿಪುಡಿಯಾಗಿ ಬೀಳಲಿ ಎಂದು. ಅಂಟು ಹಾಕಿ ಕೂರಿಸಲು ಅದು ಸಾಕು, ಆದರೆ ತುದಿ ಬಡಿದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ. ಬೆಸುಗೆ ಕಡ್ಡಿಯಾದರೂ ಬಡಿಯುವ ಮೊದಲು ಮಬ್ಬು ಕೆಂಪಾಗುವಷ್ಟು ಕಾಸಿ ಆರಿಸಿದರೆ ಮೆತ್ತಗಾಗುತ್ತದೆ. ಕೆಂಪಿಗಿಂತ ಮೇಲೆ ಕಾಸಬೇಡಿ. ಹೆಚ್ಚು ಕಾದರೆ ಹಿತ್ತಾಳೆಯ ಸತು ಬಿಳಿ ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದರೆ ರಾತ್ರಿಗೆ ಚಳಿಜ್ವರ ಬರುವುದುಂಟು. ಈ ಕೆಲಸ ಅಂಗಳದಲ್ಲೇ ಆಗಲಿ.

ಹಿತ್ತಾಳೆಯ ಕೊರತೆ ಕಿಲುಬು. ಉಪ್ಪು, ಹುಳಿ, ಒದ್ದೆ ಮೂರೂ ಸೇರಿದರೆ ಪಿನ್ನಿನ ಸುತ್ತ ಹಸಿರು ಕಟ್ಟುತ್ತದೆ, ತಿಳಿ ಬಣ್ಣದ ಮರವಾದರೆ ಆ ಹಸಿರು ನಾರಿಗೂ ಇಳಿಯುತ್ತದೆ. ದಿನಾ ತೊಳೆದು ಒರೆಸಿಡುವ ಮನೆಯಲ್ಲಿ ಇದು ದೊಡ್ಡ ಮಾತಲ್ಲ. ಮೀನಿನ ಕತ್ತಿಗೆ ಮಾತ್ರ ನಾನು ಹಿತ್ತಾಳೆ ಹಾಕುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲು

ಮೀನು, ಉಪ್ಪು, ಕಡಲ ಗಾಳಿ ಎಂದರೆ ಇದೇ. ಇದನ್ನೂ ವೆಲ್ಡಿಂಗ್ ಅಂಗಡಿಯಲ್ಲೇ ತರಬಹುದು: ಟಿಗ್ ವೆಲ್ಡಿಂಗ್‌ನ 308ಎಲ್ ಅಥವಾ 316ಎಲ್ ಕಡ್ಡಿ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುವುದರಿಂದ ಉಪ್ಪಿನ ಎದುರು ಅದರ ತಾಳಿಕೆ ಹೆಚ್ಚು. ಉಪ್ಪಳ, ಕುಂಬಳೆಯ ಕರಾವಳಿಯಲ್ಲಿ ಮನೆ ಇರುವವರು ಅದನ್ನೇ ಕೇಳಿ ತರಲಿ.

ಕಷ್ಟ ಇರುವುದು ನುಣುಪು ಮಾಡುವಲ್ಲಿ. ಮರ ಮೆದು, ಸ್ಟೀಲು ಗಡಸು. ಸ್ಯಾಂಡ್ ಪೇಪರನ್ನು ಬೆರಳಿನಿಂದ ಒತ್ತಿ ಉಜ್ಜಿದರೆ ಪಿನ್ನಿನ ಸುತ್ತಲಿನ ಮರ ಮಾತ್ರ ಸವೆದು ಪಿನ್ನು ಗುಬುಟಾಗಿ ಉಳಿಯುತ್ತದೆ. ಪೇಪರಿನ ಹಿಂದೆ ಗಟ್ಟಿಯಾದ ಮರದ ತುಂಡೋ ಕಬ್ಬಿಣದ ಪಟ್ಟಿಯೋ ಇರಲೇಬೇಕು. ಬಡಿದು ಅಗಲಿಸಲೂ ಸ್ಟೀಲು ಒಗ್ಗುವುದಿಲ್ಲ. ಪೆಟ್ಟು ಬಿದ್ದಷ್ಟೂ ಇನ್ನೂ ಗಡಸಾಗುತ್ತದೆ, ಅಷ್ಟರಲ್ಲಿ ಮರ ಸೀಳುತ್ತದೆ. ಅಂಟು ಹಾಕಿ ಕೂರಿಸುವುದಕ್ಕೇ ಸ್ಟೀಲನ್ನು ಇಟ್ಟುಕೊಳ್ಳಿ.

ತಾಮ್ರ, ಜರ್ಮನ್ ಸಿಲ್ವರ್, ಅಲ್ಯೂಮಿನಿಯಂ

ತಾಮ್ರ ಬೇಕಿದ್ದರೆ ಇಲೆಕ್ಟ್ರಿಕ್ ಸಾಮಾನಿನ ಅಂಗಡಿಗೆ ಹೋಗಿ ಅರ್ಥಿಂಗ್ ತಂತಿ ಕೇಳಿ. 8 ಗೇಜಿನದ್ದು 4.06 ಮಿಲಿಮೀಟರ್ ದಪ್ಪ, 10 ಗೇಜಿನದ್ದು 3.25. ಸುರುಳಿ ಬಿಡಿಸಿದ ತಂತಿ ನೆಟ್ಟಗಿರುವುದಿಲ್ಲ. ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಇನ್ನೊಂದು ತುದಿಯನ್ನು ಇಕ್ಕುಳದಲ್ಲಿ ಹಿಡಿದು ಬಲವಾಗಿ ಎಳೆದರೆ ನೇರವಾಗುತ್ತದೆ. ಬಡಿಯಲು ತಾಮ್ರದಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಲಸಿನ ಹಿಡಿಗೆ ನನ್ನ ಮೊದಲ ಆಯ್ಕೆಯೂ ಅದೇ, ಹಲಸು ಹಳದಿಯಿಂದ ಜೇನುಕಂದಿಗೆ ತಿರುಗುವ ಹೊತ್ತಿಗೆ ತಾಮ್ರವೂ ಕಂದಾಗಿ ಎರಡೂ ಒಂದೇ ಮನೆಯವರ ಹಾಗೆ ಕಾಣುತ್ತವೆ. ಕಿಲುಬಿನ ವಿಷಯದಲ್ಲಿ ಹಿತ್ತಾಳೆಗೆ ಹೇಳಿದ್ದೆಲ್ಲ ಇದಕ್ಕೂ ಸೇರುತ್ತದೆ.

ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕ್ಕಲ್, ಸತು ಸೇರಿದ ಲೋಹ ಅದು. ಕರಿಮರದ ಮೇಲೆ, ಎಮ್ಮೆ ಕೊಂಬಿನ ಮೇಲೆ ಅದರ ತಣ್ಣನೆಯ ಬಿಳುಪು ಬಹಳ ಚಂದ, ಸ್ಟೀಲಿಗಿಂತ ಮೆದು ಆದ್ದರಿಂದ ನುಣುಪು ಮಾಡುವುದೂ ಹಗುರ. ಕಡ್ಡಿಯ ರೂಪದಲ್ಲಿ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದಿಲ್ಲ, ತರಿಸಿಕೊಳ್ಳಬೇಕು.

ಅಲ್ಯೂಮಿನಿಯಂ ಬೇಡ. ಉಜ್ಜುವಾಗ ಬೂದು ಮಸಿ ಬಿಟ್ಟು ಮರವನ್ನು ಹೊಲಸು ಮಾಡುತ್ತದೆ, ಉಪ್ಪುನೀರಿನಲ್ಲಿ ಕಬ್ಬಿಣಕ್ಕೆ ತಾಗಿಕೊಂಡಿದ್ದರೆ ಬಿಳಿ ಪುಡಿಯಾಗಿ ಕರಗುತ್ತದೆ.

ಎರಡು ಬೇರೆ ಲೋಹ ಉಪ್ಪುನೀರಿನಲ್ಲಿ ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ ಎಂಬುದು ಹಿತ್ತಾಳೆ, ತಾಮ್ರ, ಸ್ಟೇನ್‌ಲೆಸ್‌ಗೂ ಉಂಟು. ಅಲ್ಲಿ ಸವೆಯುವುದು ಪಿನ್ನಲ್ಲ, ಅಲಗಿನ ಬಾಲ. ಜೀಪಿನ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದ ಅಲಗಿನಲ್ಲಿ ತೂತಿನ ಒಳಗಿನಿಂದಲೇ ತುಕ್ಕು ಶುರುವಾಗಿ ಹಿಡಿಯನ್ನು ಎಬ್ಬಿಸುವುದು ಹೀಗೆ. ಬಾಲದ ತೂತಿನೊಳಗೆ, ಪಿನ್ನಿನ ಸುತ್ತ ಅಂಟು ಪೂರ್ತಿ ತುಂಬಿದ್ದರೆ ನೀರು ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ ಪಿನ್ನಿಗೆ ಅಂಟು ಸವರುವಾಗ ಕೈ ಬಿಗಿಹಿಡಿಯಬೇಡಿ.

ಮೊಸಾಯಿಕ್ ಪಿನ್ನು

ಒಂದು ತೆಳು ಕೊಳವೆ, ಅದರೊಳಗೆ ಸಣ್ಣ ಕಡ್ಡಿಗಳು ಮತ್ತು ಕೊಳವೆಗಳು, ಸಂದಿಯಲ್ಲೆಲ್ಲ ಬಣ್ಣ ಬೆರೆಸಿದ ಎಪಾಕ್ಸಿ. ಅಡ್ಡ ಕೊಯ್ದರೆ ಎಲ್ಲಿ ಕೊಯ್ದರೂ ಅದೇ ಚಿತ್ತಾರ. ಮೊಸಾಯಿಕ್ ಪಿನ್ನೆಂದರೆ ಇಷ್ಟೇ. ತಯಾರಾದದ್ದು ಆನ್‌ಲೈನಿನಲ್ಲಿ ಸಿಗುತ್ತದೆ, ಬೆಲೆ ಬರೀ ಹಿತ್ತಾಳೆ ಕಡ್ಡಿಯದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೊಂಡು ತಂದದ್ದಕ್ಕಿಂತ ಮನೆಯಲ್ಲಿ ಮಾಡಿದ್ದರ ಮೇಲೆ ನನಗೆ ಪ್ರೀತಿ ಜಾಸ್ತಿ. ಕೆಲಸವೂ ಕಷ್ಟದ್ದಲ್ಲ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಏಸಿ ಮತ್ತು ಫ್ರಿಜ್ಜು ರಿಪೇರಿಯವರು ಬಳಸುವ ಕಾಲು ಇಂಚಿನ ತಾಮ್ರದ ಕೊಳವೆಯ ಹೊರಗಿನ ಅಳತೆ 6.35 ಮಿಲಿಮೀಟರ್. ಅವರಲ್ಲಿ ಕೇಳಿದರೆ ಒಂದು ಗೇಣು ತುಂಡು ಸಿಗುವುದು ಕಷ್ಟವಲ್ಲ. ಇನ್ನು 1.6 ಮಿಲಿಮೀಟರಿನ ಕಡ್ಡಿ, ಹಿತ್ತಾಳೆಯದ್ದು ಆರು, ಸ್ಟೀಲಿನದ್ದು ಒಂದು. ಒಂದೇ ದಪ್ಪದ ಏಳು ಕಡ್ಡಿಗಳನ್ನು ನಡುವೆ ಒಂದು, ಸುತ್ತ ಆರು ಎಂದು ಜೋಡಿಸಿದರೆ ಒಟ್ಟು ಅಗಲ ಕಡ್ಡಿಯ ದಪ್ಪದ ಮೂರು ಪಟ್ಟು, ಅಂದರೆ 4.8 ಮಿಲಿಮೀಟರ್. ಕೊಳವೆಯ ಗೋಡೆ 0.7 ಮಿಲಿಮೀಟರ್ ಇದ್ದರೆ ಒಳಗೆ 4.95 ಸಿಗುತ್ತದೆ, ಏಳೂ ಕಡ್ಡಿಗಳು ಹಿತವಾಗಿ ಒಳಗೆ ಹೋಗುತ್ತವೆ. ಗೋಡೆ 0.8 ಇದ್ದರೆ ಒಳಗಿರುವುದು 4.75 ಮಾತ್ರ, ಎಷ್ಟು ತುರುಕಿದರೂ ಹೋಗದು. ಹಾಗಾಗಿ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಸುರುಳಿಯಿಂದ ಕೊಯ್ದ ಕೊಳವೆಯನ್ನು ಎರಡು ನುಣುಪಾದ ಹಲಗೆಗಳ ನಡುವೆ ಇಟ್ಟು ಉರುಳಿಸಿ ನೇರ ಮಾಡಿ. ಒಳಗೂ ಹೊರಗೂ ಎಣ್ಣೆಯ ಪಸೆ ಇರಬಾರದು, ಅಸಿಟೋನಿನಿಂದ ತೊಳೆಯಿರಿ. ಕಡ್ಡಿಗಳನ್ನು ಒರಟು ಸ್ಯಾಂಡ್ ಪೇಪರಿನಿಂದ ಉದ್ದಕ್ಕೂ ಉಜ್ಜಿ ಹೊಳಪು ತೆಗೆಯಿರಿ, ಅಂಟು ಹಿಡಿಯಲಿಕ್ಕೆ. ಕೊಳವೆಯ ಒಂದು ತುದಿಗೆ ಟೇಪು ಸುತ್ತಿ ಮುಚ್ಚಿ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನೇ ಬಳಸಬೇಕು, ಐದು ನಿಮಿಷದ್ದು ಕಡ್ಡಿ ಅರ್ಧ ಇಳಿಯುವಷ್ಟರಲ್ಲಿ ಬಿಗಿದುಕೊಳ್ಳುತ್ತದೆ. ಅದಕ್ಕೆ ಒಣ ಕಪ್ಪು ಬಣ್ಣದ ಪುಡಿಯನ್ನೋ ಗ್ರಾಫೈಟ್ ಪುಡಿಯನ್ನೋ ಬೆರೆಸಿ, ಸ್ವಲ್ಪ ಬೆಚ್ಚಗೆ ಮಾಡಿದರೆ ನೀರಾಗಿ ಹರಿಯುತ್ತದೆ. ಕೊಳವೆಯ ಅರ್ಧದಷ್ಟು ಅಂಟು ಹೊಯ್ದು, ಏಳು ಕಡ್ಡಿಗಳ ಕಟ್ಟನ್ನು ಅಂಟಿನಲ್ಲಿ ಅದ್ದಿ, ತಿರುಗಿಸುತ್ತಾ ನಿಧಾನವಾಗಿ ಇಳಿಸಿ. ಮೇಲಿನಿಂದ ಗುಳ್ಳೆಗಳು ಏಳುವುದು ನಿಲ್ಲುವವರೆಗೂ ಅವಸರ ಬೇಡ, ಒಳಗೆ ಉಳಿದ ಒಂದು ಗುಳ್ಳೆ ನಾಳೆ ಪಿನ್ನಿನ ಮುಖದಲ್ಲಿ ತೂತಾಗಿ ಕಾಣುತ್ತದೆ. ನೆಟ್ಟಗೆ ನಿಲ್ಲಿಸಿ ಒಂದು ದಿನ ಪೂರ್ತಿ ಬಿಡಿ. ಮಳೆಗಾಲದಲ್ಲಿ ಎರಡು ದಿನ ಬಿಡುವುದು ಒಳ್ಳೆಯದು, ಒದ್ದೆ ಗಾಳಿಯಲ್ಲಿ ಎಪಾಕ್ಸಿಯ ಮೇಲ್ಮೈ ಜಿಗುಟಾಗಿಯೇ ಉಳಿಯುವುದುಂಟು.

ಕೊಯ್ಯಲು ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡು. ವೈಸಿನಲ್ಲಿ ನೇರ ಕಚ್ಚಿಸಿದರೆ ಕೊಳವೆ ಚಪ್ಪಟೆಯಾಗುತ್ತದೆ, ಎರಡು ಮರದ ತುಂಡುಗಳ ನಡುವೆ ತೋಡು ಮಾಡಿ ಅದರಲ್ಲಿ ಹಿಡಿಸಿ. ಕೊಯ್ದ ಮುಖವನ್ನು 220, 400, 600ರ ಪೇಪರಿನಲ್ಲಿ ಒಂದರ ಹಿಂದೊಂದು ಉಜ್ಜಿದಾಗ ಕಪ್ಪಿನ ನಡುವೆ ಆರು ಹಳದಿ, ಒಂದು ಬಿಳಿ ಚುಕ್ಕಿ, ಸುತ್ತ ತಾಮ್ರದ ಕೆಂಪು ಉಂಗುರ ಮೂಡುತ್ತದೆ. ಏಳರ ಬದಲು ನಡುವೆ ಸಣ್ಣ ಹಿತ್ತಾಳೆ ಕೊಳವೆ, ಸುತ್ತ ತೆಳು ತಂತಿ ಹಾಕಿದರೆ ಬೇರೆಯೇ ಚಿತ್ತಾರ. ಸೈಕಲ್ಲಿನ ಸ್ಪೋಕು ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪ, ಅದೂ ಉಪಯೋಗಕ್ಕೆ ಬರುತ್ತದೆ.

ಇಷ್ಟು ಚಂದದ್ದರ ಮಿತಿಯನ್ನೂ ಹೇಳಬೇಕು. ಮೊಸಾಯಿಕ್ ಪಿನ್ನನ್ನು ಬಡಿಯಲಾಗದು, ಬಡಿದರೆ ಒಳಗಿನ ಎಪಾಕ್ಸಿ ಒಡೆಯುತ್ತದೆ. ಅದು ಪಟ್ಟಿಯನ್ನು ಬಿಗಿದು ಹಿಡಿಯುವುದಿಲ್ಲ, ಜಾರದಂತೆ ಮಾತ್ರ ತಡೆಯುತ್ತದೆ. ಬಿಸಿಯೂ ಅದಕ್ಕೆ ಆಗದು. ಸಾಮಾನ್ಯ ಎಪಾಕ್ಸಿ 60–70 ಡಿಗ್ರಿ ದಾಟಿದರೆ ಮೆತ್ತಗಾಗಲು ತೊಡಗುತ್ತದೆ, ಬೆಲ್ಟ್ ಸ್ಯಾಂಡರಿನ ಮುಂದೆ ಪಿನ್ನು ಅಷ್ಟು ಕಾಯಲು ಹೊತ್ತು ಬೇಡ. ಪಿನ್ನನ್ನು ಬೆರಳಿನಿಂದ ಮುಟ್ಟಿ ನೋಡುತ್ತಿರಿ, ಬೆರಳು ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ ಒದ್ದೆ ಬಟ್ಟೆ ಒತ್ತಿ. ಈ ಕಾರಣಕ್ಕೇ ನಾನು ಮೊಸಾಯಿಕ್ಕನ್ನು ಹಿಡಿಯ ನಡುವೆ ಒಂದೇ ಒಂದು ಹಾಕುವುದು. ಪಟ್ಟಿ ಏಳುವುದು ಯಾವಾಗಲೂ ತುದಿಯಿಂದ, ಅಲ್ಲಿ ಗಟ್ಟಿ ಲೋಹದ ಪಿನ್ನು ನಿಂತಿರಲಿ. ಎರಡು ಬದಿಯಲ್ಲೂ ಚಿತ್ತಾರ ಒಂದೇ ನಿಲುವಿನಲ್ಲಿ ಬರಬೇಕಿದ್ದರೆ ಪಿನ್ನಿನ ಉದ್ದಕ್ಕೂ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, ಆ ಗೆರೆ ಅಲಗಿನ ಬೆನ್ನಿನ ಕಡೆ ಬರುವಂತೆ ಕೂರಿಸಿ.

ಅಂಟು, ಬಡಿತ, ಬೋಲ್ಟು

ಪಿನ್ನನ್ನು ಕೂರಿಸುವ ಬಗೆಯೂ ಲೋಹದಷ್ಟೇ ಮುಖ್ಯ. ಬರೀ ಅಂಟಿನಲ್ಲಿ ಕೂರಿಸುವುದು ಸುಲಭ, ಅಡುಗೆಮನೆಯ ಕತ್ತಿಗೆ ಸಾಕು. ಪಿನ್ನನ್ನು ಉಜ್ಜಿ ಒರಟು ಮಾಡಿ, ಅರದ ಮೂಲೆಯಿಂದ ಅಲ್ಲಲ್ಲಿ ಸಣ್ಣ ಗೀರು ಹಾಕಿದರೆ ಅಂಟು ಆ ಗೀರಿನಲ್ಲಿ ಕಚ್ಚಿಕೊಳ್ಳುತ್ತದೆ, ತೂತಿನೊಳಗೆ ಸಿಕ್ಕಿಕೊಂಡ ಹೆಚ್ಚಿನ ಅಂಟಿಗೆ ಹೊರಬರಲು ದಾರಿಯೂ ಆಗುತ್ತದೆ.

ಬಡಿದು ಅಗಲಿಸುವುದು ಹಳೆಯ ದಾರಿ, ತೋಟದ ಕತ್ತಿಗೆ ಇದೇ ನನ್ನ ನೆಚ್ಚಿಕೆ. ಪಟ್ಟಿಗಳ ಹೊರಮೈಯಲ್ಲಿ ತೂತಿನ ಬಾಯನ್ನು ಸ್ವಲ್ಪ ಆಲಿಕೆಯ ಬಾಯಿಯಂತೆ ಅಗಲ ಮಾಡಿ, ಪಿನ್ನನ್ನು ಎರಡು ಬದಿಯಲ್ಲೂ ಒಂದೂವರೆ ಮಿಲಿಮೀಟರಿನಷ್ಟು ಹೊರಗೆ ಬಿಡಿ. ಕೆಳಗಿನ ತುದಿ ಕಬ್ಬಿಣದ ಮೇಲೆ ಕೂತಿರಬೇಕು. ಸಣ್ಣ ಸುತ್ತಿಗೆಯ ಗುಂಡು ಮುಖದಿಂದ ಅಂಚಿನ ಸುತ್ತ ಹಗುರ ಪೆಟ್ಟು, ಆಮೇಲೆ ಮಗುಚಿ ಇನ್ನೊಂದು ಬದಿ, ಮತ್ತೆ ಮಗುಚಿ ಮೊದಲಿನದ್ದು. ಸದ್ದು ಕೇಳಿದರೇ ತಿಳಿಯುತ್ತದೆ: ಲೋಹ ಹರಡುತ್ತಿರುವಾಗ ಮಂದ ಸದ್ದು, ತೂತಿನ ಬಾಯಿ ತುಂಬಿ ಬಿಗಿಯಾದಾಗ ಟಣ್ ಎನ್ನುತ್ತದೆ. ಟಣ್ ಎಂದ ಮೇಲೆ ಬಡಿಯಬೇಡಿ, ಅಲ್ಲಿಂದ ಮುಂದಿನ ಪೆಟ್ಟು ಮರಕ್ಕೆ ಹೋಗುತ್ತದೆ. ಕೊಂಬಿನ ಹಿಡಿಗೆ, ಒಣಗಿ ಸಿಡುಕಾದ ಕರಿಮರಕ್ಕೆ ಈ ವಿಧಾನ ಬೇಡ, ಸೀಳುತ್ತವೆ.

ಕಾರ್ಬಿ ಬೋಲ್ಟು ಎರಡು ತುಂಡಿನದ್ದು, ಒಂದು ಇನ್ನೊಂದರೊಳಗೆ ತಿರುಪಿನಲ್ಲಿ ಸೇರುತ್ತದೆ. ತಲೆ ಅಗಲ, ಮೈ ಸಣ್ಣ. ಬಿಗಿದ ಮೇಲೆ ತಲೆಯ ಗೀರು ಸಮೇತ ಉಜ್ಜಿ ತೆಗೆದರೆ ಹೊರಗಿನಿಂದ ಸಾದಾ ಪಿನ್ನಿನ ಹಾಗೇ ಕಾಣುತ್ತದೆ, ಒಳಗೆ ಬೋಲ್ಟಿನ ಹಿಡಿತ. ಬಲಕ್ಕೆ ಇದನ್ನು ಮೀರಿದ್ದು ಕಡಿಮೆ. ಅದಕ್ಕೆ ಮೆಟ್ಟಿಲಿನಂಥ ಡ್ರಿಲ್ ಬಿಟ್ಟು ಬೇಕು, ಬೋಲ್ಟನ್ನೂ ತರಿಸಿಕೊಳ್ಳಬೇಕು. ವಿಪರೀತ ಬಿಗಿದರೆ ಅಂಟೆಲ್ಲ ಹಿಂಡಿ ಹೊರಬಂದು ಪಟ್ಟಿಯ ಅಡಿ ಒಣಗಿ ಉಳಿಯುತ್ತದೆ, ಅಂಟು ಸಣ್ಣಗೆ ಹೊರಗೆ ಕಂಡಲ್ಲಿಗೆ ನಿಲ್ಲಿಸಿ. ಲವ್‌ಲೆಸ್ ಬೋಲ್ಟಿನಲ್ಲಿ ತಿರುಪಿನ ಕಡ್ಡಿ ಒಂದು, ಎರಡು ಬದಿಗೆ ನಟ್ಟು. ಅಮೆರಿಕದ ಕತ್ತಿ ತಯಾರಕ ಬಾಬ್ ಲವ್‌ಲೆಸ್ (1929–2010) ಅವರ ಹೆಸರಿನಿಂದ ಬಂದದ್ದು. ಕಡ್ಡಿ ಒಂದು ಲೋಹ, ನಟ್ಟು ಇನ್ನೊಂದು ಲೋಹ ಇದ್ದರೆ ಉಜ್ಜಿದ ಮೇಲೆ ಚುಕ್ಕಿಯೊಳಗೊಂದು ಚುಕ್ಕಿ ಕಾಣುತ್ತದೆ. ಬಲವೂ ಬೇಕು, ಅಲಂಕಾರವೂ ಬೇಕು ಎನ್ನುವವರಿಗೆ ಮೊಸಾಯಿಕ್ಕಿಗಿಂತ ಇದು ಜಾಣತನದ ಆಯ್ಕೆ.

ಫ್ಯಾಕ್ಟರಿ ಕತ್ತಿಗಳಲ್ಲಿ ಕಾಣುವ ಅಗಲ ತಲೆಯ, ಒಂದರೊಳಗೊಂದು ಒತ್ತಿ ಕೂರುವ ರಿವೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿಯ ದಪ್ಪ ರಿವೆಟ್ಟಿಗೆ ಸರಿಯಾಗಿ ಹೊಂದಬೇಕು, ತಲೆ ತೆಳು ಆದ್ದರಿಂದ ಹಿಡಿಗೆ ಆಮೇಲೆ ಉಬ್ಬು ತಗ್ಗು ಕೊಡಲಾಗದು. ಕೈಯಲ್ಲಿ ರೂಪಿಸುವ ಹಿಡಿಗೆ ಅದು ಹೇಳಿದ್ದಲ್ಲ.

ತೂತು

ಪಿನ್ನಿನ ಕಡ್ಡಿಗೆ ಹೇಳಿದ ಅಳತೆಯನ್ನೇ ನಂಬಬೇಡಿ, ಅಳೆದು ನೋಡಿ. ಅದಕ್ಕಿಂತ 0.05ರಿಂದ 0.15 ಮಿಲಿಮೀಟರ್ ದೊಡ್ಡ ತೂತು ಮರಕ್ಕೆ ಸಾಕು. 3.25ರ ತಾಮ್ರಕ್ಕೆ 3.3ರ ಬಿಟ್ಟು, 4.06ಕ್ಕೆ 4.2, ಕಾಲು ಇಂಚಿನ ಮೊಸಾಯಿಕ್ಕಿಗೆ 6.4 ಅಥವಾ 6.5. 3.3 ಮತ್ತು 4.2 ತೂತಿಗೆ ತಿರುಪು ಕೊಯ್ಯುವ ಎಂ4, ಎಂ5 ಟ್ಯಾಪಿಗೆ ಬಳಸುವ ಬಿಟ್ಟುಗಳು, ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಗೆ ಹೇಳಿದರೆ ಕೂಡಲೇ ತೆಗೆದುಕೊಡುತ್ತಾರೆ. ಬಾಲದ ತೂತು ಅರ್ಧ ಮಿಲಿಮೀಟರಿನಷ್ಟು ದೊಡ್ಡದಿದ್ದರೆ ಒಳ್ಳೆಯದು, ಮರ ಉಬ್ಬಿ ಕುಗ್ಗುವಾಗ ಪಿನ್ನಿಗೆ ತುಸು ಆಡಲು ಎಡೆ ಇರುತ್ತದೆ.

ಅಲಗನ್ನು ಆಚಾರಿಗೆ ಮಾಡಲು ಕೊಡುವಾಗಲೇ ಬಾಲಕ್ಕೆ ತೂತು ಹಾಕಿಸಿ, ಹದ ಕೊಡುವ ಮೊದಲು. ಹದ ಕೊಟ್ಟ ಮೇಲೆ ಸಾಮಾನ್ಯ ಬಿಟ್ಟು ಮೈ ಮೇಲೆ ಜಾರುತ್ತದೆ ಅಷ್ಟೆ, ಆಗ ಕಾರ್ಬೈಡ್ ಬಿಟ್ಟೇ ಬೇಕು. ಅಲಗಿಗೆ ತಾಗುವ ಕಡೆಯ ಪಟ್ಟಿಯ ಮುಖದಿಂದ ಹತ್ತು ಮಿಲಿಮೀಟರಿನಷ್ಟಾದರೂ ಹಿಂದೆ ಮೊದಲ ಪಿನ್ನು ಬರಲಿ, ಅದಕ್ಕಿಂತ ಹತ್ತಿರ ಬಂದರೆ ಮರ ಆ ಅಂಚಿನಲ್ಲೇ ಸೀಳುತ್ತದೆ.

ಒಂದು ಪಟ್ಟಿಯನ್ನು ಬಾಲಕ್ಕೆ ಬಿಗಿದು ಬಾಲದ ತೂತಿನ ಮೂಲಕವೇ ಕೊರೆಯಿರಿ, ಆ ತೂತುಗಳಲ್ಲಿ ತಾತ್ಕಾಲಿಕವಾಗಿ ಪಿನ್ನು ನಿಲ್ಲಿಸಿ, ಆಮೇಲೆ ಇನ್ನೊಂದು ಪಟ್ಟಿ. ಕೈ ಡ್ರಿಲ್ಲಿನಲ್ಲಿ ಬಿಟ್ಟು ಓರೆ ಹೋಗುವುದು ಬಹಳ ಸುಲಭ, ಸ್ಟ್ಯಾಂಡಿನ ಡ್ರಿಲ್ಲು ಸಿಗುವ ಕಡೆ ಹೋಗಿ ಕೊರೆಸಿಕೊಳ್ಳಿ. ಅಡಿಗೆ ಬೇರೆ ಹಲಗೆ ಇಟ್ಟರೆ ಬಿಟ್ಟು ಹೊರಬರುವಲ್ಲಿ ಮರ ಚಕ್ಕೆ ಏಳುವುದಿಲ್ಲ. ತೆಂಗಿನ ಮರದ ಹಿಡಿಗೆ ಇದು ಬಹಳ ಮುಖ್ಯ. ತೆಂಗಿನ ಮರದಲ್ಲಿ ನಾರು ಗಟ್ಟಿ, ನಾರಿನ ನಡುವಿನದ್ದು ಮೆದು, ಬಿಟ್ಟಿಗೆ ನಾರು ಎಳೆದು ಬರುತ್ತದೆ. ಕೊರೆಯುವ ಜಾಗಕ್ಕೆ ನೀರಿನಂತಹ ತೆಳು ಸೂಪರ್ ಗ್ಲೂ ಹೀರಿಸಿ, ಒಣಗಿದ ಮೇಲೆ ಕೊರೆಯಿರಿ. ಮರದ ಹೊರಸುತ್ತಿನ ಕಪ್ಪು, ಗಟ್ಟಿ ಭಾಗವನ್ನು ಮಾತ್ರ ತೆಗೆದುಕೊಳ್ಳಬೇಕು ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಉಜ್ಜುವಾಗ ಏಳುವ ಲೋಹದ ಪುಡಿ ತಿಳಿ ಮರದ ರಂಧ್ರಗಳಿಗೆ ಸೇರಿ ಕಪ್ಪು ಮಸಿಯಾಗುತ್ತದೆ. ಹೊಸ ಹಲಸಿಗೆ ಇದು ಬೇಗ ಕಾಣುತ್ತದೆ. ಪಿನ್ನಿನಿಂದ ಮರದ ಕಡೆಗೆ ಉಜ್ಜದೆ ಹಿಡಿಯ ಉದ್ದಕ್ಕೆ ಉಜ್ಜಿ, ಪೇಪರನ್ನು ಆಗಾಗ ಬದಲಿಸಿ. ಬೀಟೆಯ ಪುಡಿ ಕೆಲವರಿಗೆ ಚರ್ಮ ತುರಿಸುವಂತೆ, ಉಸಿರು ಕಟ್ಟುವಂತೆ ಮಾಡುತ್ತದೆ, ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ. ಕಡವೆಯ ಕೊಂಬಿನ ಹಿಡಿ ಬೇಕೆಂದು ಕೇಳುವವರು ಈಗಲೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದರ ಮಾರಾಟ ಅಪರಾಧ. ಎಮ್ಮೆಯ ಕೊಂಬಿನಲ್ಲಿ ಅಷ್ಟೇ ಚಂದದ ಹಿಡಿ ಬರುತ್ತದೆ.

ಹಾಗಾದರೆ ಯಾವುದು

ಅಡುಗೆಮನೆಯ ಪೀಶಕತ್ತಿಗೆ, ತರಕಾರಿಯ ಕತ್ತಿಗೆ: ತುದಿಗಳಲ್ಲಿ 3.2ರ ಹಿತ್ತಾಳೆ ಎರಡು, ನಡುವೆ ಕಾಲು ಇಂಚಿನ ಮೊಸಾಯಿಕ್ ಒಂದು, ಎಲ್ಲವೂ ಅಂಟಿನಲ್ಲಿ. ಹಿಡಿ 22–25 ಮಿಲಿಮೀಟರ್ ಅಗಲ ಇದ್ದರೆ ಈ ಅಳತೆ ಕಣ್ಣಿಗೆ ಹಿತ. ಅದಕ್ಕಿಂತ ಸಣ್ಣ ಹಿಡಿಗೆ ಕಾಲು ಇಂಚು ಭಾರವಾಗಿ ಕಾಣುತ್ತದೆ, 4 ಮಿಲಿಮೀಟರಿನ ತಾಮ್ರವನ್ನೇ ನಡುವೆ ಹಾಕಿ.

ಮೀನಿನ ಕತ್ತಿಗೆ 316ರ ಸ್ಟೀಲು ಮೂರು, ಅಷ್ಟೇ. ಮೊಸಾಯಿಕ್ ಬೇಡ. ಕೊಳವೆಯ ತಾಮ್ರವೂ ಒಳಗಿನ ಹಿತ್ತಾಳೆಯೂ ಉಪ್ಪಿನಲ್ಲಿ ಬೇರೆ ಬೇರೆ ವೇಗದಲ್ಲಿ ಮಬ್ಬಾಗಿ ಚಿತ್ತಾರ ಕಾಣದಂತಾಗುತ್ತದೆ.

ತೋಟದಲ್ಲಿ ಸೊಪ್ಪು ಸವರುವ, ಕಾಯಿಗೆ ಏಟು ಹಾಕುವ ಕತ್ತಿಗೆ 4 ಮಿಲಿಮೀಟರಿನ ತಾಮ್ರವನ್ನು ಅಂಟೂ ಹಾಕಿ, ತುದಿಯನ್ನೂ ಬಡಿದು ಕೂರಿಸಿ. ಚಂದ ಬೇಕಿದ್ದರೆ ಹಿತ್ತಾಳೆಯ ಸಣ್ಣ ವಾಷರಿನ ಮೇಲೆ ತಾಮ್ರದ ಗುಂಡು ತಲೆ ಎಬ್ಬಿಸಿ, ಹೂವಿನಷ್ಟೇ ಅಂದವಾಗಿ ಕಾಣುತ್ತದೆ, ಹಿಡಿತವೂ ಹೆಚ್ಚು. ಯಾರಿಗಾದರೂ ಉಡುಗೊರೆ ಕೊಡುವ ಕತ್ತಿಗೆ, ಕೊಡಗಿನ ಪೀಚೆಕತ್ತಿಯ ಹಾಗೆ ನೋಡುವುದೇ ಮುಖ್ಯವಾಗಿರುವಂಥದ್ದಕ್ಕೆ, ಜರ್ಮನ್ ಸಿಲ್ವರ್ ಮತ್ತು ಮೊಸಾಯಿಕ್ ಎರಡನ್ನೂ ಧಾರಾಳವಾಗಿ ಬಳಸಿ.

ನಮ್ಮ ಹಳೆಯ ಮಾದರಿಯ ಕತ್ತಿಗಳಲ್ಲಿ ಬಾಲ ಮೊನಚಾಗಿ ಹಿಡಿಯೊಳಗೆ ಇಳಿದಿರುತ್ತದೆ, ಬಾಯಿಗೆ ಒಂದು ಬಳೆ. ಅಂಥದ್ದಕ್ಕೆ ಅಡ್ಡಕ್ಕೆ ಒಂದೇ ಪಿನ್ನು ಸಾಕು, ಬಳೆಯಿಂದ ಎರಡು ಬೆರಳು ಹಿಂದೆ, 3.2ರ ಹಿತ್ತಾಳೆ. ಬಾಲದ ತೂತನ್ನು ಉದ್ದಕ್ಕೆ ಸ್ವಲ್ಪ ಎಳೆದು ಮಾಡಿಸಿದರೆ ಎರಡೂ ತೂತು ಸೇರಿಸಲು ಪರದಾಡಬೇಕಾಗಿಲ್ಲ.

ಹಳೆಯ ಕತ್ತಿಯ ಪಿನ್ನು ಸಡಿಲವಾಗಿದ್ದರೆ ಹೊಸ ಹಿಡಿಯೇ ಬೇಕೆಂದಿಲ್ಲ. ಬಡಿದು ಕೂರಿಸಿದ್ದಾದರೆ ಕೆಳಗೆ ಕಬ್ಬಿಣ ಕೊಟ್ಟು ನಾಲ್ಕು ಹಗುರ ಪೆಟ್ಟು ಹಾಕಿ ನೋಡಿ, ಬಹಳಷ್ಟು ಸಲ ಅಷ್ಟಕ್ಕೇ ಬಿಗಿಯಾಗುತ್ತದೆ. ಅಂಟಿನದ್ದಾದರೆ ಪಿನ್ನನ್ನು ಸೋಲ್ಡರಿಂಗ್ ಐರನ್ನಿನಿಂದ ಕಾಸಿ, ಅಂಟು ಮೆತ್ತಗಾದ ಕೂಡಲೇ ತಟ್ಟಿ ಹೊರಗೆ ತೆಗೆಯಿರಿ, ತೂತನ್ನು ಕೆರೆದು ಅಸಿಟೋನಿನಲ್ಲಿ ಒರೆಸಿ ಅದೇ ಅಳತೆಯ ಹೊಸ ಪಿನ್ನು ಹಾಕಿ. ಮರದ ತೂತು ಅಗಲವಾಗಿ ಹೋಗಿದ್ದರೆ 3.2ರ ಜಾಗಕ್ಕೆ 4 ಮಿಲಿಮೀಟರಿನದ್ದು. ಬಾಲದ ತೂತು ಅದಕ್ಕೆ ಸಾಲದಿದ್ದರೆ ಕಾರ್ಬೈಡ್ ಬಿಟ್ಟಿರುವ ವರ್ಕ್‌ಶಾಪಿಗೆ ಕೊಂಡೊಯ್ಯಿರಿ, ಅಲಗನ್ನು ಬೆಂಕಿಗೆ ಮಾತ್ರ ಇಡಬೇಡಿ, ಹದ ಹೋಗುತ್ತದೆ.